ಮೂರು ಇಂಚಿನ ಮೊಳೆ

ಮನೆಯಿಂದ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅತ್ತೆಗೆ, ಸೊಸೆಯ ನಮಸ್ಕಾರಗಳು.

ಕಣ್ಣು ಹೇಗಿದೆ? ನೀರು ಸೋರುವುದು ನಿಂತಿತೇ? ಹನಿ ಔಷಧಿ ದಿನಕ್ಕೆ ನಾಲ್ಕು ಸಲ ಎಂದಿದ್ದಾರೆ ಡಾಕ್ಟರು, ಮೂರಕ್ಕೇ ಸಾಕು ಮಾಡಬೇಡಿ. ಇನ್ನೂ ಎರಡು ವಾರ ನೀವು ಓದುವಂತಿಲ್ಲವಲ್ಲ, ಹಾಗಾಗಿ ಈ ಕಾಗದವನ್ನು ನನ್ನ ನಾದಿನಿಯೇ ಓದಿ ಹೇಳಬೇಕು. ಊಟಕ್ಕೆ ಅಳಿಯಂದಿರು, ಬೀಗರು ಎಲ್ಲ ಕೂತಾಗ ಓದಲಿ, ನಿಮಗೂ ಹೊತ್ತು ಹೋಗುತ್ತದೆ. ಅವಳಿಗೆ ತೊಡಕಾಗದಿರಲೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಒಂದು ಸಾಲನ್ನೂ ಹಾರಿಸಬೇಡಮ್ಮ.

ನಾವೆಲ್ಲ ಚೆನ್ನಾಗಿದ್ದೇವೆ. ಮಾವನವರ ಕೆಮ್ಮು ಇಳಿದಿದೆ. ಕರೆಂಟಿನ ವಿಷಯ ಕೇಳಿದ್ದಿರಿ. ನೀವು ಹೊರಟ ಮೇಲೂ ಅದೇ ಕಥೆ. ಬೆಳಗ್ಗೆ ಎಂಟರ ಹೊತ್ತಿಗೆ ಬಾಗಿಲ ಹಿಂದಿನ ಪೆಟ್ಟಿಗೆಯಲ್ಲಿ ಟಪ್ಪೆಂದು ಮೇನ್ ಸ್ವಿಚ್ಚು ಬೀಳುವುದು, ಮಧ್ಯಾಹ್ನ ಎತ್ತಿದರೆ ಏನೂ ಆಗಿಲ್ಲವೆಂಬಂತೆ ನಿಲ್ಲುವುದು. ಮೊದಲ ಸಲ ಬಿದ್ದಾಗ ನನ್ನ ಓವನ್ ಕಾಯುತ್ತಿತ್ತು. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದನ್ನ ಮನೆ ಅಂದ್ಕೊಂಡಿದೀಯೋ, ಬೇಕರಿ ಅಂದ್ಕೊಂಡಿದೀಯೋ?" ಎಂದಿರಿ. ಆರನೇ ಸಲಕ್ಕೆ ಓವನ್ ನಾದಿನಿಯ ಮನೆ ಸೇರಿತು. ದಿನಕ್ಕೆ ನಲವತ್ತು ಬ್ರೆಡ್ಡು ಬೇಯಿಸಿ ಬೀದಿ ಕೊನೆಯ ಎರಡು ಅಂಗಡಿಗಳಿಗೆ ಕೊಡುತ್ತಿದ್ದೆ, ಅದು ನಿಂತಿತು. ಮೇನ್ ಬೀಳುವುದು ಮಾತ್ರ ನಿಲ್ಲಲಿಲ್ಲ. "ಆ ಓವನ್ ಕೊಟ್ಟ ಪೆಟ್ಟಿಂದ ವೈರುಗಳು ಇನ್ನೂ ಸುಧಾರಿಸ್ಕೊಂಡಿಲ್ಲ" ಎಂದಿರಿ. ಆ ಮಾತನ್ನು ಮರೆತಿರಲಿಲ್ಲ.

ಎಲೆಕ್ಟ್ರಿಷಿಯನ್ ಎರಡು ಸಲ ಮಧ್ಯಾಹ್ನ ಬಂದು, ಏನೂ ಕಾಣದೆ ತಲೆ ಕೆರೆದುಕೊಂಡು ಹೋಗಿದ್ದರು. ನಿನ್ನೆ ಬೆಳಗ್ಗೆ ಎಂಟಕ್ಕೇ ಬರಹೇಳಿದೆ. ಮಾವನವರು ಸ್ನಾನ ಮುಗಿಸಿ ಬರುವುದಕ್ಕೂ ಮೇನ್ ಬೀಳುವುದಕ್ಕೂ ಸರಿಹೋಯಿತು. ಎಲೆಕ್ಟ್ರಿಷಿಯನ್ ಸಣ್ಣ ಸ್ವಿಚ್ಚುಗಳನ್ನೆಲ್ಲ ಇಳಿಸಿ, ಮೇನ್ ಎತ್ತಿ, ಆಮೇಲೆ ಒಂದೊಂದನ್ನೇ ಎತ್ತುತ್ತ ಬಂದರು. ಮೊದಲು ಅಡುಗೆಮನೆಯದನ್ನೇ ಎತ್ತಿ ಎಂದೆ. ನಿಂತಿತು. "ಅಡುಗೆಮನೆ ಲೈನು ಚೊಕ್ಕವಾಗಿದೆಯಲ್ಲ ಅಕ್ಕಾ, ಇದಕ್ಯಾಕೆ ಕೆಟ್ಟ ಹೆಸರು ಬಂತು?" ಎಂದರು. ನಿಮ್ಮ ಮಗ ಶೂ ಹಾಕಿಕೊಳ್ಳುತ್ತ ಅಲ್ಲೇ ಕೂತಿದ್ದರು. ಇನ್ನೊಂದು ಸಲ ಹೇಳಿ, ಕೇಳಿಸಲಿಲ್ಲ ಎಂದೆ.

ಐದನೆಯದು ನಡುಮನೆಯ ಪ್ಯಾಸೇಜಿನದು. ಎತ್ತಿದ ಕೂಡಲೇ ಟಪ್. ಅಲ್ಲಿರುವುದು ಒಂದೇ ದೀಪ. ಬಲ್ಬು ತೆಗೆದರು, ಆದರೂ ಬಿತ್ತು. ಹಾಗಾದರೆ ತೊಂದರೆ ಗೋಡೆಯೊಳಗೇ ಇದೆ ಎಂದು ಸ್ವಿಚ್ಚಿನಿಂದ ನೇರವಾಗಿ ಮೇಲಕ್ಕೆ ಬೆರಳಾಡಿಸುತ್ತ ಹೋದರು. ಬೆರಳು ನಿಂತದ್ದು ನಿಮ್ಮ ಮಗನ ಫೋಟೋದ ಬಳಿ. ನಮ್ಮ ಮದುವೆಯ ಫೋಟೋ ಇಳಿಸಿ, ಅದೇ ಜಾಗದಲ್ಲಿ ನೀವು ಹಾಕಿದಿರಲ್ಲ, ಪದವಿಯ ಕಪ್ಪು ಗೌನು ತೊಟ್ಟು ಅವರೊಬ್ಬರೇ ನಿಂತಿರುವುದು. ಫ್ರೇಮು ಭಾರವೆಂದು ಹಳೆಯ ಸಣ್ಣ ಮೊಳೆ ಕಿತ್ತು ನೀವೇ ಹೊಸದನ್ನು ಬಡಿದಿದ್ದಿರಿ. "ಗೋಡೆ ಒಳಗೆ ಬಿಡ್ತಿಲ್ಲ ಅಂತ ಬೈಕೊಂಡು ಬೈಕೊಂಡು ಬಡಿದ್ಲು" ಎಂದು ಮಾವನವರು ಒದ್ದೆ ತಲೆಯಲ್ಲೇ ಸಾಕ್ಷಿ ಹೇಳಿದರು.

ಎಲೆಕ್ಟ್ರಿಷಿಯನ್ ಮೇನ್ ಇಳಿಸಿ, ಮೊಳೆಗೆ ಇಕ್ಕಳ ಹಾಕಿ ಎಳೆದರು. ಮೂರು ಇಂಚು, ತುದಿ ಕಪ್ಪಗೆ ಸುಟ್ಟಿದೆ. ಗೋಡೆಯೊಳಗಿನ ವೈರಿನ ಮೈಗೇ ನಾಟಿತ್ತು. ಗೋಡೆಯ ಆಚೆ ಬದಿ ಬಚ್ಚಲು. ಬೆಳಗ್ಗೆ ಗೋಡೆ ಒದ್ದೆ, ಕರೆಂಟು ಮೊಳೆಯಿಂದ ಗೋಡೆಗೆ ಸೋರುತ್ತದೆ, ಮೇನ್ ಬೀಳುತ್ತದೆ. ಮಧ್ಯಾಹ್ನಕ್ಕೆ ಒಣಗಿ ಎಲ್ಲ ಸರಿ. "ಮೇನ್ ಬೀಳದೇ ಇದ್ದಿದ್ರೆ, ಇದನ್ನ ಒರೆಸೋರು ಬೀಳ್ತಿದ್ರು" ಎಂದರು. ಆ ಫ್ರೇಮನ್ನು ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂದು ನೀವು ಯಾರಿಗೆ ಹೇಳಿದ್ದಿರೆಂದು ನಾನು ಬರೆಯಬೇಕಾಗಿಲ್ಲ.

ನಿಮ್ಮ ಮಗ ಮೊದಲು ನಂಬಲಿಲ್ಲ, ಅಮ್ಮ ಮೊಳೆ ಹೊಡೆದದ್ದು ಮೇನ್ ಬೀಳಲು ಶುರುವಾದ ಮೇಲಿರಬಹುದು ಎಂದರು. ನೀವು ಯಾವ ಫೋಟೋ ಹಾಕಿದರೂ ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಕು ಬರೆಯುವವರು. ತಿರುಗಿಸಿ ತೋರಿಸಿದೆ. ನವೆಂಬರ್ ಒಂಬತ್ತು, ನಿಮ್ಮದೇ ಅಕ್ಷರ. ಮೊದಲ ಸಲ ಮೇನ್ ಬಿದ್ದದ್ದನ್ನು ಕ್ಯಾಲೆಂಡರಿನಲ್ಲಿ ನಾನು ಗುರುತು ಹಾಕಿದ್ದೆ. ನವೆಂಬರ್ ಹತ್ತು. ಅವರು ಶೂ ಬಿಚ್ಚಿ, ನಿನ್ನೆ ಕೆಲಸಕ್ಕೇ ಹೋಗಲಿಲ್ಲ.

ಕ್ಷಮೆ ಗಿಮೆ ಎಂದು ಕಣ್ಣೀರು ಹಾಕಬೇಡಿ ಅತ್ತೆ, ಆಪರೇಷನ್ ಆದ ಕಣ್ಣು. ಬೀಗರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಓವನ್ನಿನ ಕಥೆಯನ್ನು ನೀವು ಅವರಿಗೆ ಹೇಳಿದ್ದಿರಂತೆ, ಈಗ ಪೂರ್ತಿ ಕೇಳಿದ ಹಾಗಾಯಿತು.

ಇಂತಿ,
ನಿಮ್ಮ ಸೊಸೆ

ಮರೆತಿದ್ದೆ: ಮೊಳೆಯನ್ನು ಕಾಗದದಲ್ಲಿ ಸುತ್ತಿ ಇದೇ ಲಕೋಟೆಯಲ್ಲಿಟ್ಟಿದ್ದೇನೆ, ಎಲ್ಲರೂ ನೋಡಿಯಾದ ಮೇಲೆ ನೀವೇ ಇಟ್ಟುಕೊಳ್ಳಿ. ಭಾನುವಾರ ನಿಮ್ಮ ಮಗ ಗಾಡಿ ತರುತ್ತಾರೆ. ನಿಮ್ಮನ್ನೂ ಕರೆತರೋಣ ಎಂದರು, ಹಿಂದಿನ ಸೀಟಿನಲ್ಲಿ ಒಂದಕ್ಕೇ ಜಾಗ ಎಂದೆ. ಓವನ್ ಒರೆಸಿಡಲು ನಾದಿನಿಗೆ ಹೇಳಿ. ಒಣ ಬಟ್ಟೆಯಲ್ಲಿ.