ಜಿಂಕ್ ಡಬ್ಬಿಯ ಮೇಲೆ ಇಲ್ಲದ ಒಂದು ಸಾಲು

ಆಹಾರ ಪೂರಕಗಳಿಗೆ ಅನುಮೋದನೆ ನೀಡುವ ಮಾನ್ಯ ಅಧಿಕಾರಿಗಳೇ,

ಜಿಂಕ್, ಅಂದರೆ ಸತುವಿನ, ಮಾತ್ರೆಯ ಡಬ್ಬಿಯ ಮೇಲೆ "ಇಷ್ಟಕ್ಕಿಂತ ಹೆಚ್ಚು, ಇಷ್ಟು ದಿನಕ್ಕಿಂತ ಹೆಚ್ಚು ಬೇಡ" ಎಂಬ ಒಂದೇ ಸಾಲನ್ನು ಕಡ್ಡಾಯ ಮಾಡಿ ಎಂದು ನಾನು ಬರೆದ ಅರ್ಜಿಗೆ ನಿಮ್ಮ ಉತ್ತರ ಕೈಸೇರಿದೆ. "ಸದರಿ ಉತ್ಪನ್ನವು ಔಷಧವಾಗಿರದೆ ಆಹಾರ ಪೂರಕವಾಗಿರುವುದರಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ಎಷ್ಟು ಅಚ್ಚುಕಟ್ಟಾದ ವಾಕ್ಯ. ಇದರ ಒಂದು ಪ್ರತಿಯನ್ನು ಹೊಟ್ಟೆಯೊಳಗಿನ ಸತುವಿಗೂ ಕಳುಹಿಸಬಹುದಿತ್ತು. ತಾನು ಬರೀ ಆಹಾರವೆಂದು ತಿಳಿದು ಅದು ತೆಪ್ಪಗಿರುತ್ತಿತ್ತೇನೋ.

ಇಪ್ಪತ್ತೊಂದು ವರ್ಷಗಳಿಂದ ನಾನು ಔಷಧಿ ಅಂಗಡಿ ನಡೆಸುತ್ತಿದ್ದೇನೆ. ನೊಂದವನೆಂದು ಹೇಳಿಕೊಳ್ಳಲು ನನಗೆ ನಾಲಿಗೆ ಏಳುವುದಿಲ್ಲ, ನೋಯಿಸಿದವನೇ ನಾನು. ನನ್ನ ಅಕ್ಕ ದರ್ಜಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರವಿದೆ. ಅಪ್ಪ ತೀರಿಕೊಂಡ ಮೇಲೆ ಅದರ ಪೆಡಲ್ ತುಳಿದೇ ಅವಳು ನನ್ನನ್ನು ಓದಿಸಿದ್ದು. ಮೂರು ವರ್ಷದ ಹಿಂದೆ ಅವಳಿಗೆ ಪದೇ ಪದೇ ನೆಗಡಿಯಾಗುತ್ತಿತ್ತು. ಕೌಂಟರಿನ ಮೇಲಿದ್ದ ಡಬ್ಬಿಯನ್ನು ಎತ್ತಿ ನೋಡಿದಳು.

"ಇದು ತಗೊಂಡ್ರೆ ನೆಗಡಿ ಹತ್ರ ಸುಳಿಯಲ್ವಂತೆ, ಹೌದೇನೋ?"

"ಜಿಂಕ್ ಅಷ್ಟೇ ಅಕ್ಕ. ಊಟದಲ್ಲಿ ಇರೋದೇ. ತಗೋ."

"ಎಷ್ಟು ದಿನ ತಗೋಬೇಕು?"

"ಎಷ್ಟು ದಿನ ಆದ್ರೂ ತಗೋ."

ಸತು ಬೇಡವೆಂದು ಯಾರು ಹೇಳಿದರು? ಅದಿಲ್ಲದೆ ಗಾಯ ಮಾಯುವುದಿಲ್ಲ, ನಾಲಿಗೆಗೆ ರುಚಿ ಹತ್ತುವುದಿಲ್ಲ, ಮಕ್ಕಳು ಬೆಳೆಯುವುದಿಲ್ಲ. ಆದರೆ ದೊಡ್ಡವರಿಗೆ ದಿನಕ್ಕೆ ಹತ್ತು ಹನ್ನೆರಡು ಮಿಲಿಗ್ರಾಂ ಸಾಕು. ಆ ಮಾತ್ರೆಯಲ್ಲಿ ಇದ್ದದ್ದು ಐವತ್ತು. ಡಬ್ಬಿಯ ಮೇಲೆ "ದಿನಕ್ಕೆ ಒಂದು ಅಥವಾ ಎರಡು" ಎಂದಿತ್ತು. ಯಾವುದರಲ್ಲೂ ಹಿಂದೆ ಬೀಳದ ಅಕ್ಕ ಎರಡನ್ನೇ ನುಂಗಿದಳು, ಒಂದೂವರೆ ವರ್ಷ. ಸತು ಅತಿಯಾದರೆ ಕರುಳು ತಾಮ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಾಮ್ರವಿಲ್ಲದೆ ರಕ್ತ ಕುಂದುತ್ತದೆ, ಬೆನ್ನುಹುರಿ ಸೊರಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅತಿಯಾದರೆ ಅಮೃತವೂ ವಿಷ ಎಂದು ಗಾದೆಗೆ ಗೊತ್ತಿದ್ದದ್ದು ನಿಮ್ಮ ಡಬ್ಬಿಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತಲ್ಲ?

ಮೊದಲು ಸುಸ್ತು ಬಂತು. ರಕ್ತ ಕಡಿಮೆಯಿದೆ ಎಂದರು. ನಾನು ಕಬ್ಬಿಣದ ಮಾತ್ರೆಯನ್ನೂ ಸೇರಿಸಿದೆ. ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಸದ್ದು ತಡೆತಡೆದು ಬರುತ್ತಿತ್ತು. ಇಣುಕಿದರೆ ಅಕ್ಕ ಮೇಜಿನ ಕೆಳಗೆ ಬಗ್ಗಿದ್ದಳು.

"ಪೆಡಲ್ ಮೇಲೆ ಕಾಲು ಇದೆಯೋ ಇಲ್ವೋ ಅಂತ ನೋಡ್ಕೋಬೇಕು ಕಣೋ. ವಯಸ್ಸಾಯ್ತು ಅನ್ಸುತ್ತೆ" ಎಂದು ನಕ್ಕಳು.

ತಿಂಗಳೊಳಗೆ ಗೋಡೆ ಹಿಡಿದು ನಡೆಯತೊಡಗಿದಳು. ನರರೋಗದ ವೈದ್ಯೆಯ ಬಳಿ ಕರೆದೊಯ್ದೆ. "ಔಷಧಿ ಏನಾದ್ರೂ ತಗೋತಿದ್ದೀರಾ ಅಮ್ಮ?" ಎಂದು ಅವರು ಕೇಳಿದರು. "ರಕ್ತಕ್ಕೆ ಅಂತ ಒಂದು ಮಾತ್ರೆ, ಅಷ್ಟೇ" ಎಂದಳು ಅಕ್ಕ. ಅವಳು ಸುಳ್ಳಾಡಲಿಲ್ಲ. ಇನ್ನೊಂದು ಮಾತ್ರೆ ಆಹಾರವೆಂದು ತಾವೇ ಮುದ್ರೆ ಒತ್ತಿದ್ದೀರಲ್ಲ? ಬೆಳಗಿನ ತಿಂಡಿಯನ್ನು ಔಷಧಿಯೆಂದು ಯಾರಾದರೂ ವೈದ್ಯರಿಗೆ ಹೇಳುತ್ತಾರೆಯೇ?

ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಆ ಕ್ಷಣದಲ್ಲೇ ಎಲ್ಲವೂ ಹೊಳೆಯಿತು. ಆದರೂ ಬಾಯಿ ಬಿಡಲಿಲ್ಲ. ಮನೆಗೆ ಬಂದವನೇ ಅವಳ ಕಪಾಟಿನಿಂದ ಡಬ್ಬಿ ತೆಗೆದು, "ಇದು ಸದ್ಯಕ್ಕೆ ಬೇಡ" ಎಂದೆ. ಹತ್ತೊಂಬತ್ತು ದಿನ ಸುಮ್ಮನಿದ್ದೆ. ಆ ಹತ್ತೊಂಬತ್ತು ದಿನ ಆಸ್ಪತ್ರೆಯವರು ಅಕ್ಕನ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು, ಸ್ಕ್ಯಾನಿಂಗಿಗೆ ಮಲಗಿಸಿದರು, ಇಲ್ಲದ ಕಾಯಿಲೆಗಳನ್ನೆಲ್ಲ ಹುಡುಕಿದರು. ಇಪ್ಪತ್ತನೆಯ ದಿನ ನಾನೊಬ್ಬನೇ ಹೋಗಿ ವೈದ್ಯೆಯ ಮೇಜಿನ ಮೇಲೆ ಡಬ್ಬಿ ಇಟ್ಟೆ. ಅವರು ಲೇಬಲ್ ಓದಿ ತಲೆಯೆತ್ತಿದರು.

"ನೀವು ಔಷಧಿ ಅಂಗಡಿಯವರಲ್ವಾ?"

ಹೌದು ಎಂದೆ. ಅವರು ತಾಮ್ರದ ಪರೀಕ್ಷೆಗೆ ಚೀಟಿ ಬರೆದರು.

ಸಂಜೆ ಅಕ್ಕನಿಗೂ ಹೇಳಿದೆ. ಅವಳು ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು. ದಾರ ಕಡಿದು, ಅಂಗಿ ಮಡಚಿಟ್ಟ ಮೇಲೆ ಮಾತಾಡಿದಳು.

"ಕೊಟ್ಟಾಗ ನಿಂಗೆ ಹೊಳೀಲಿಲ್ಲ, ಹೋಗ್ಲಿ ಬಿಡು. ಆದ್ರೆ ಡಾಕ್ಟ್ರು ಕೇಳಿದಾಗ ನನ್ ಪಕ್ಕದಲ್ಲೇ ಕೂತಿದ್ಯಲ್ಲೋ."

ತಾಮ್ರ ಕೊಟ್ಟ ಮೇಲೆ ಅವಳ ರಕ್ತ ಎರಡು ತಿಂಗಳಲ್ಲಿ ಸರಿಹೋಯಿತು. ಪಾದಗಳಿಗೆ ಸ್ಪರ್ಶ ಮರಳಲಿಲ್ಲ; ಇನ್ನು ಇಷ್ಟೇ ಇರಬಹುದು ಎಂದಿದ್ದಾರೆ. ಯಂತ್ರಕ್ಕೆ ಬಟ್ಟೆ ಹೊದಿಸಿದ್ದೇವೆ. ಅಕ್ಕ ಈಗ ಕೈಹೊಲಿಗೆ ಮಾತ್ರ ಮಾಡುತ್ತಾಳೆ.

ಮಾನ್ಯರೇ, ನಾಚಿಕೆಯಿಂದ ನಾನು ಹತ್ತೊಂಬತ್ತು ದಿನ ಬಾಯಿ ಮುಚ್ಚಿಕೊಂಡೆ. ಅರ್ಜಿಯ ಜೊತೆ ಕಳಿಸಿದ ಆಸ್ಪತ್ರೆಯ ವರದಿ ಕೈಯಲ್ಲಿದ್ದೂ ತಾವು ಹನ್ನೊಂದು ತಿಂಗಳಿಂದ ಜನರನ್ನು ಎಚ್ಚರಿಸದೆ ಬಾಯಿ ಮುಚ್ಚಿಕೊಂಡಿರುವುದು ಯಾವ ನಾಚಿಕೆಗೆ? ಔಷಧವೋ ಆಹಾರವೋ ಎಂದು ತಾವು ಕಡತದಲ್ಲಿ ಗೆರೆ ಎಳೆಯುವಷ್ಟರಲ್ಲಿ ಇನ್ನೆಷ್ಟು ಮಂದಿ ಗೋಡೆ ಹಿಡಿಯಬೇಕು?

ಆ ಸಾಲನ್ನು ಡಬ್ಬಿಯ ಮುಂಭಾಗದಲ್ಲಿ, ಕನ್ನಡಕವಿಲ್ಲದೆ ಓದುವಂತೆ ಅಚ್ಚು ಹಾಕಿಸಿ. ಗೊತ್ತಿದ್ದೂ ಎಚ್ಚರಿಸದ ನನ್ನ ಪರವಾನಗಿಯ ಮೇಲೆ ವಿಚಾರಣೆಯನ್ನೂ ನಡೆಸಿ. ಕರೆದ ದಿನ ಅಕ್ಕನೊಂದಿಗೆ ಬರುತ್ತೇನೆ. ತಮ್ಮ ಕಚೇರಿ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅವಳು ಪ್ರತಿ ಮೆಟ್ಟಿಲನ್ನೂ ಕಣ್ಣಲ್ಲಿ ನೋಡಿಯೇ ಕಾಲಿಡಬೇಕು. ನಾವು ಮೇಲೆ ಬರುವವರೆಗೆ ದಯಮಾಡಿ ಕಾಯಿರಿ.

ಇಂತಿ,
ತಮಗಿಂತ ಮೊದಲು ಉತ್ತರ ಕೊಡಬೇಕಾದವನು,
ಒಬ್ಬ ಔಷಧಿ ಅಂಗಡಿಯವ