ನಿದ್ದೆಗೆ ಹೋದ ಲ್ಯಾಪ್‌ಟಾಪ್

೧೪ ನವೆಂಬರ್, ಶುಕ್ರವಾರ. ಜಾವಗಲ್.

ಈಗಷ್ಟೇ ಫೋನ್ ಇಟ್ಟೆ.

ನಮ್ಮೂರ ಅಜ್ಜಿ ಹನುಮಕ್ಕ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್ ಇವತ್ತು ರಾತ್ರಿ ಹನ್ನೆರಡರೊಳಗೆ ವಿಶ್ವವಿದ್ಯಾಲಯಕ್ಕೆ ತಲುಪದಿದ್ದರೆ ನನಗೆ ಸಂಶೋಧನೆಯ ಸೀಟು ಇಲ್ಲ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಇಲ್ಲ. ಬೇಲೂರಿನಲ್ಲಿ ಪರಿಚಯದ ಸುಮಿತ್ರಮ್ಮನವರ ಮನೆಯಲ್ಲಿ ಅಪ್‌ಲೋಡ್‌ಗೆ ಹಾಕಿ, ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಕೊನೆಯ ಬಸ್ಸಿಗೆ ಬಂದೆ. ಅದು ನಿದ್ದೆಗೆ ಹೋಗದಂತೆ ಸ್ಲೀಪ್ ಸೆಟ್ಟಿಂಗ್ ಬದಲಿಸಿದ್ದೆ. ಮುಚ್ಚಿದರೆ ಏನಾಗಬೇಕು ಎಂಬುದು ಬೇರೆ ಸೆಟ್ಟಿಂಗ್, ಅದನ್ನು ಮುಟ್ಟಿರಲಿಲ್ಲ. ಊಟಕ್ಕೆ ಕೂತಾಗ ನೆನಪಾಯಿತು: ತೆರೆದ ಪುಸ್ತಕ ಕಂಡರೆ ಸುಮಿತ್ರಮ್ಮ ಮುಚ್ಚದೆ ಬಿಡುವವರಲ್ಲ.

ಫೋನ್ ಮಾಡಲು ಅರ್ಧ ಗಂಟೆ ಹಿಂಜರಿದೆ. ಕೊನೆಗೆ ಮಾಡಿ, ಲ್ಯಾಪ್‌ಟಾಪ್ ಮುಚ್ಚಿದಿರಾ ಎಂದು ಕೇಳಿದೆ.

“ಹೂಂ ಕಣವ್ವ, ಮುಚ್ಚಿ, ಮುಟ್ಟಿ ಕಣ್ಣಿಗೊತ್ಕೊಂಡೆ. ಸರಸ್ವತಿ ಅಲ್ವಾ? ಹಂಗೆ ಬಾಯ್ ತಕ್ಕೊಂಡಿದ್ರೆ ಓದಿದ್ದೆಲ್ಲ ಹೊರಟೋಯ್ತದೆ.”

ತೆರೆಯಲು ಹೇಳಿದೆ. ಎದ್ದಿತಂತೆ, ಆದರೆ ಪಾಸ್‌ವರ್ಡ್ ಕೇಳುತ್ತಿದೆಯಂತೆ.

ಪಾಸ್‌ವರ್ಡ್ ಅವರ ಮಗ ಉದಯಕುಮಾರ್ ಹೆಸರು. ಎರಡು ವರ್ಷದಿಂದ ನನ್ನ ಮನಸ್ಸಿನಲ್ಲಿರುವುದು ಈ ದಿನಚರಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಉದಯಕುಮಾರ್‌ಗೂ ಗೊತ್ತಿಲ್ಲ.

“ಏನವ್ವಾ, ಮರೆತೋಯ್ತಾ?”

ಮರೆತೆ ಎನ್ನಬಹುದಿತ್ತು. ಎಂಬತ್ತು ದಾಟಿದ ಹನುಮಕ್ಕ ಕೆಮ್ಮು ತಡೆದುಕೊಂಡು ಹಾಡಿದ್ದು ಕಣ್ಮುಂದೆ ಬಂತು.

“ಯು,” ಎಂದೆ. “ಡಿ. ಎ.”

ಸುಮಿತ್ರಮ್ಮ ನಾಲ್ಕನೆಯ ಅಕ್ಷರ ಕೇಳಲಿಲ್ಲ.

“ಮುಂದಿಂದು ನಂಗೊತ್ತು ಬಿಡು.” ಒಂದೊಂದೇ ಅಕ್ಷರ ಒತ್ತುವ ಸದ್ದು ಕೇಳಿಸಿತು. “ತಕ್ಕೊಂತು. ಗೆರೆ ಮುಂದಕ್ಕೆ ಹೋಗ್ತೈತೆ. ನಾಳೆ ಬಂದು ಎತ್ಕೊಂಡೋಗು. ಅವ್ನೂ ಮನೇಲೇ ಇರ್ತಾನೆ.”

ಆ ದನಿಯಲ್ಲಿ ಇದ್ದದ್ದು ನಗುವೋ ಸಿಟ್ಟೋ, ಎಷ್ಟು ಸಲ ನೆನೆದರೂ ತಿಳಿಯುತ್ತಿಲ್ಲ.