ಅವ್ವನ ತುರುಬು

ಪುಣೆ, ೧೯೧೩

ಅವ್ವನ ಪಾದಕ್ಕೆ ನಮಸ್ಕಾರ.

ಅಪ್ಪ ತೀರಿಕೊಂಡ ಸುದ್ದಿ ನಿನ್ನೆ ತಲುಪಿತು. ಶುಕ್ರವಾರದ ನಾಟಕದ ಟಿಕೀಟುಗಳೆಲ್ಲ ಹೋಗಿದ್ದವು. ಕಂಪನಿಯ ಮಾಲೀಕರು, "ನಾಯಕಿ ತಲಿ ಬೋಳಾದ್ರ ಜನಾ ಏನ್ ನೋಡಬೇಕು? ನಾಟಕ ಮುಗಿಸಿ ಹೋಗು" ಎಂದರು. "ಅಪ್ಪಗ ನಾ ಒಬ್ಬನೇ ಮಗಾ ರೀ" ಎಂದೆ. ಇಂದು ಬೆಳಿಗ್ಗೆ ಮುಠಾ ನದಿಯ ದಂಡೆಯಲ್ಲಿ ಕ್ಷೌರ ಮಾಡಿಸಿಕೊಂಡೆ. ಸ್ತ್ರೀಪಾತ್ರಕ್ಕೆಂದು ವರ್ಷಗಟ್ಟಲೆ ಬೆಳೆಸಿದ ಕೂದಲು. ನನ್ನ ಪಾತ್ರ ಬೇರೊಬ್ಬನಿಗೆ ಹೋಯಿತು. ಅವನಿಗೆ ಮಾತು, ಹಾಡು ಹೇಳಿಕೊಟ್ಟು ಶನಿವಾರದ ರೈಲಿಗೆ ಹೊರಡುತ್ತೇನೆ.

ನನ್ನ ನಾಟಕ ನೋಡಲು ಅಪ್ಪ ನಿನ್ನನ್ನು ಎಂದೂ ಬಿಡಲಿಲ್ಲ. ರಂಗದ ಮೇಲೆ ನಾನು ಕಟ್ಟಿಕೊಳ್ಳುತ್ತಿದ್ದದ್ದು ನಿನ್ನದೇ ತುರುಬು. ಎಡಕ್ಕೆ ತುಸು ವಾಲಿಸಿ, ಒಂದೇ ಒಂದು ಸೇವಂತಿಗೆ ಮುಡಿಯುತ್ತಿದ್ದೆ. ಈಗ ಇಲ್ಲಿನ ಹೆಂಗಸರು ಹಾಗೆಯೇ ಕಟ್ಟಿಕೊಂಡು ನಾಟಕಕ್ಕೆ ಬರುತ್ತಾರೆ.

ಹತ್ತನೆಯ ದಿನ ನಿನ್ನ ತಲೆಯನ್ನೂ ಬೋಳಿಸಬೇಕೆಂದು ಕಾಕಾ ಬರೆದಿದ್ದಾರೆ. ನಾನು ಬರುವ ಮೊದಲೇ ಕ್ಷೌರಿಕನನ್ನು ಕರೆಸಿದರೆ ಕೋಣೆಯ ಬಾಗಿಲು ಹಾಕಿಕೋ. ಈ ಕಾಗದವನ್ನು ಪಕ್ಕದ ಮನೆಯ ರಂಗೂಬಾಯಿಯಿಂದ ಓದಿಸಿಕೋ, ಕಾಕಾನಿಂದ ಬೇಡ. ಅವರು ಕೇಳಿದರೆ ಇಷ್ಟೇ ಹೇಳು: ನಮ್ಮ ಮನೆಯ ತುರುಬನ್ನು ಮುಠಾ ನದಿಗೆ ಬಿಟ್ಟಾಗಿದೆ, ಇನ್ನೊಂದನ್ನು ಕೇಳಬೇಡಿ.

ನಿನ್ನ ಮಗ,
ದಿಗಂಬರ